ಮೆಲ್ಲಡಿ ಮೇಷ್ಟ್ರು ಮತ್ತು ಹನ್ನೊಂದನೆಯ ಕಣ

ನಮ್ಮ ಮೇಷ್ಟ್ರು ನಡೆದರೆ ನೆಲಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಹಿಮ್ಮಡಿಯನ್ನು ತುಸು ಎತ್ತಿ, ಮಗು ಈಗಷ್ಟೇ ಕಣ್ಣು ಮುಚ್ಚಿದ ಮನೆಯಲ್ಲಿ ಓಡಾಡುವವರಂತೆ, ಪ್ರಯೋಗಾಲಯದ ಕಾರಿಡಾರಿನಲ್ಲಷ್ಟೇ ಅಲ್ಲ, ಬಸ್ಸುಗಳು ಭೋರ್ಗರೆಯುವ ಬೀದಿಯಲ್ಲೂ ಹಾಗೆಯೇ ನಡೆಯುತ್ತಿದ್ದರು. ನೆಲ ಕೂದಲೆಳೆಯಷ್ಟು ಅದುರಿದರೂ ಚಿತ್ರ ಕದಡಿಹೋಗುವ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಮೂವತ್ತು ವರ್ಷ ಸವೆಸಿದ ಕಾಲುಗಳಿಗೆ ಬೇರೆ ನಡಿಗೆ ಮರೆತೇಹೋಗಿತ್ತು. ವಿದ್ಯಾರ್ಥಿಗಳೆಲ್ಲ ಅವರನ್ನು ಮೆಲ್ಲಡಿ ಮೇಷ್ಟ್ರು ಎನ್ನುತ್ತಿದ್ದೆವು. ಹೆಸರಿಟ್ಟವಳು ನಾನೇ; ಈಗ ಒಪ್ಪಿಕೊಂಡರೆ ಯಾರೇನು ಮಾಡಿಯಾರು.

"ಮನೇಲೂ ಹೀಗೇ ಕಣಮ್ಮ," ಎಂದು ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ದೂರಿದ್ದರು. "ತಿರುಗಿ ನೋಡಿದ್ರೆ ಬೆನ್ನ ಹಿಂದೆ ನಿಂತಿರ್ತಾರೆ, ಎದೆ ಧಸಕ್ಕನ್ನುತ್ತೆ. ಕೆಮ್ಮಿಕೊಂಡಾದ್ರೂ ಬನ್ನಿ ಪುಣ್ಯಾತ್ಮರೇ ಅಂತ ಹೇಳಿಟ್ಟಿದೀನಿ." ಹೆಂಡತಿಯ ಅಪ್ಪಣೆಯ ಆ ಕೆಮ್ಮು ಪ್ರಯೋಗಾಲಯಕ್ಕೂ ಬಂತು. ಬಾಗಿಲಾಚೆ ಎರಡು ಸಲ ಕೆಮ್ಮಿ, ಒಳಗಿನವರು ಮುಖ ಸರಿಮಾಡಿಕೊಳ್ಳುವಷ್ಟು ಹೊತ್ತು ಕಾದು, ಆಮೇಲೆ ಒಳಬರುವರು. ಬಂದರೂ ನಮ್ಮ ಕೆಲಸವನ್ನು ನೇರವಾಗಿ ನೋಡುತ್ತಿರಲಿಲ್ಲ. ಮೊಣಕೈ ಸವೆದ ಬೂದುಬಣ್ಣದ ಕೋಟಿನ ಗುಂಡಿಯನ್ನು ತಿರುಗಿಸುತ್ತಾ ಕಿಟಕಿಯ ಕಡೆ ಮುಖ ಮಾಡಿ ನಿಲ್ಲುವರು. ಈ ಮನುಷ್ಯನಿಗೆ ನಮ್ಮ ಮೇಲೆ ಅಕ್ಕರೆಯೇ ಇಲ್ಲವೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಅವರ ಅಕ್ಕರೆಯೆಲ್ಲ ಪ್ಲಾಟಿನಂ ಕಣಗಳ ಮೇಲೆ. ವಾಹನದ ಹೊಗೆಯ ವಿಷಾನಿಲವನ್ನು ನಿರಪಾಯಗೊಳಿಸುವ ಆ ಅತಿಸೂಕ್ಷ್ಮ ಕಣಗಳನ್ನು ಲೋಕವೆಲ್ಲ ಕೋಟಿಗಟ್ಟಲೆ ರಾಶಿಹಾಕಿ ಸರಾಸರಿ ತೆಗೆಯುತ್ತಿದ್ದಾಗ, ಇವರು ಒಂದೊಂದನ್ನೇ ಬೇರೆಯಾಗಿ, ಅದು ದುಡಿಯುವ ಬಿಸಿಯಲ್ಲಿ, ಅದು ದುಡಿಯುವ ಅನಿಲದ ನಡುವೆಯೇ ನೋಡಬೇಕೆಂದು ಹಟ ಹಿಡಿದಿದ್ದರು. ತಣ್ಣಗಿನ ನಿರ್ವಾತದಲ್ಲಿ ಕಣವನ್ನು ನೋಡುವುದು ಒಲೆಯಿಲ್ಲದ ಕೋಣೆಯಲ್ಲಿ ಅಡುಗೆಯವರ ಕೈಗುಣ ಪರೀಕ್ಷಿಸಿದ ಹಾಗೆ ಎನ್ನುವರು. ಯಾರಾದರೂ ಕಣಗಳು ಹೀಗೆ, ಕಣಗಳು ಹಾಗೆ ಎಂದರೆ ಸಾಕು, "ಯಾವ ಕಣ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ನನ್ನ ಮಹಾಪ್ರಬಂಧ ನಿಂತಿದ್ದು ನಾವು ಅಂಕಿ ಹಾಕಿ ಗುರುತಿಟ್ಟುಕೊಂಡಿದ್ದ ಕಣಗಳಲ್ಲಿ ಹನ್ನೊಂದನೆಯದರ ಮೇಲೆ. ಅನಿಲ ತಾಗಿದರೆ ಅದು ಮೂಲೆಗಳನ್ನು ಕಳೆದುಕೊಂಡು ದುಂಡಗಾಗುವುದು, ಅನಿಲ ತೆಗೆದರೆ ಮತ್ತೆ ಮೊನಚಾಗುವುದು. ನಾಲ್ಕು ವರ್ಷ ಆ ಕುಣಿತವನ್ನೇ ಅಳೆದು ಬರೆದಿದ್ದೆ. ಒಪ್ಪಿಸಲು ಎಂಟು ದಿನವಿತ್ತು, ಪದವಿ ಬಂದೊಡನೆ ಸೇರಬೇಕಾದ ಕೆಲಸವೂ ಕಾದಿತ್ತು. ಅಂದು ಬೆಳಿಗ್ಗೆ ಬಾಗಿಲಲ್ಲಿ ಎರಡು ಕೆಮ್ಮು ಕೇಳಿಸಿತು.

"ನಿನ್ನೆ ಸೂಕ್ಷ್ಮದರ್ಶಕದ ಕಿರಣ ಆರಿಸಿ ಒಂದು ಗಂಟೆ ಕೂತಿದ್ದೆ," ಎಂದರು ಕಿಟಕಿಯ ಕಡೆ ತಿರುಗಿ. "ಅನಿಲ, ಬಿಸಿ ಎಲ್ಲಾ ಹಾಗೇ ಇತ್ತು. ಆಮೇಲೆ ನೋಡಿದ್ರೆ ಮೂಲೆಗಳು ಕದಲೇ ಇಲ್ಲ. ಕಿರಣ ಹಾಕಿ ಐದು ನಿಮಿಷಕ್ಕೆ ಶುರುವಾಯ್ತು. ನಾವು ನೋಡಿದ್ದಕ್ಕೇ ಅದು ಕುಣೀತಿತ್ತಮ್ಮ."

ನೋಡಲೆಂದು ಹಾಯಿಸಿದ ಎಲೆಕ್ಟ್ರಾನ್ ಕಿರಣವೇ ಕಣವನ್ನು ಕೆಣಕುತ್ತಿತ್ತು! ನನ್ನ ತಲೆಯ ಮೇಲೆ ಆಕಾಶವೇ ಕಳಚಿಬಿತ್ತು. "ಸರ್, ಇದು ಯಾರಿಗೂ ಗೊತ್ತಾಗಲ್ಲ," ಎಂದುಬಿಟ್ಟೆ. ಇಂದಿಗೂ ಆ ಮಾತಿಗೆ ನಾಚುತ್ತೇನೆ. ಅವರು ಬೈಯಲಿಲ್ಲ. "ನಮ್ಮಿಬ್ಬರಿಗೆ ಗೊತ್ತಾಯ್ತಲ್ಲ," ಎಂದರು. ಆ ಕುಣಿತವನ್ನೇ ಕುರಿತು ಬರೆದು ತಮಗೆ ಹೆಸರು ತಂದಿದ್ದ ಎರಡು ಲೇಖನಗಳನ್ನು, ತಪ್ಪು ನನ್ನದು, ವಿದ್ಯಾರ್ಥಿನಿಯದಲ್ಲ ಎಂದು ಬರೆದು, ಆ ವಾರವೇ ಕೈಯಾರೆ ಹಿಂತೆಗೆದುಕೊಂಡರು. ನನ್ನ ಕೆಲಸ ಕೈತಪ್ಪಿತು. ಆರು ತಿಂಗಳು ಅವರೊಡನೆ ಮಾತು ಬಿಟ್ಟೆ. ಅವರು ಕೆಮ್ಮುವುದನ್ನು ಬಿಡಲಿಲ್ಲ.

ಕಿರಣವನ್ನು ತಗ್ಗಿಸಿ ತಗ್ಗಿಸಿ, ಕಣವು ಮಸುಕು ಚುಕ್ಕೆಯಾಗುವವರೆಗೆ ಇಳಿಸಿ, ಕ್ಷಣ ನೋಡಿ, ಗಂಟೆಗಟ್ಟಲೆ ಅದನ್ನು ಅದರ ಪಾಡಿಗೆ ಬಿಟ್ಟು, ಮತ್ತೆ ಕ್ಷಣ ನೋಡುವ ವಿದ್ಯೆಯನ್ನು ಕೊನೆಗೆ ಅವರೇ ಕಲಿಸಿದರು. ಎರಡು ವರ್ಷ ಹಿಡಿಯಿತು. ಹನ್ನೊಂದನೆಯ ಕಣ ಜಪ್ಪಯ್ಯ ಅಂದರೂ ಕದಲಲಿಲ್ಲ; ಅದರ ನೆರೆಯಲ್ಲಿ, ನಾವ್ಯಾರೂ ಲೆಕ್ಕಕ್ಕಿಡದಿದ್ದ ಕಣವೊಂದು ಕಿರಣದ ಕಾಟವಿಲ್ಲದ ಹೊತ್ತಿನಲ್ಲಿ, ತನ್ನಷ್ಟಕ್ಕೆ ಒಂದೇ ಒಂದು ಮೂಲೆಯನ್ನು ಮಡಚಿಕೊಂಡಿತು. ಪರದೆಯ ಮುಂದೆ ನಾನು ಅತ್ತುಬಿಟ್ಟೆ. ತಿರುಗಿದರೆ ಮೇಷ್ಟ್ರು ಬಾಗಿಲ ಹೊರಗೆ, ನನಗೆ ಬೆನ್ನು ಹಾಕಿ, ಕೆಮ್ಮದೆ ನಿಂತಿದ್ದರು.

ಈಗ ಮೇಷ್ಟ್ರಿಲ್ಲ. ನನಗೂ ವಿದ್ಯಾರ್ಥಿಗಳಿದ್ದಾರೆ, ಬಾಗಿಲಲ್ಲಿ ನನಗೂ ಕೆಮ್ಮು ಬರುತ್ತದೆ. ಇಂಥವರ ಪ್ರೀತಿ ಮೇಲುನೋಟಕ್ಕೆ ಉದಾಸೀನದಂತೆಯೇ ತೋರುತ್ತದೆ. ಕಣ್ಣು ಕೀಲಿಸಿ ನೋಡಿದರೆ ಎದುರಿನ ಜೀವ ತನ್ನ ಸಹಜವನ್ನು ಬಿಟ್ಟು ನಮಗಾಗಿ ಕುಣಿಯತೊಡಗುತ್ತದೆಂದು ಬಲ್ಲವರು ಅವರು. ಆದ್ದರಿಂದಲೇ ಪ್ರೀತಿಸಿದ್ದನ್ನೆಲ್ಲ ಮಂದ ಬೆಳಕಿನಲ್ಲಿ ಒಂದು ಕ್ಷಣ ನೋಡಿ, ಉಳಿದ ಹೊತ್ತು ಕಿಟಕಿಯ ಕಡೆ ತಿರುಗಿರುತ್ತಾರೆ. ಅವರು ನಮ್ಮನ್ನು ನೋಡಲೇ ಇಲ್ಲವೆಂದು ನಾವು ಮಾತ್ರ ಮುನಿಸಿಕೊಂಡು ಅರ್ಧ ಆಯುಷ್ಯ ಕಳೆಯುತ್ತೇವೆ.