ಪಾಲಿಶ್ ತೋಟಪ್ಪನವರು

ತೋಟಪ್ಪನವರು ಅಂಗಿಯನ್ನು ಹಿಂದುಮುಂದಾಗಿ ತೊಡುತ್ತಾರೆ. ಶಿಕಾರಿಪುರದಿಂದ ಶಿರಾಳಕೊಪ್ಪದ ದಾರಿ ಹಿಡಿದು ಹೊರಟವರಿಗೆ, ತಗಡಿನ ಶೆಡ್ಡೊಂದರ ಮುಂದೆ, ಬೆನ್ನ ಮೇಲೆ ಸಾಲಾಗಿ ಗುಂಡಿಗಳಿರುವ, ಎದೆಯ ಕಡೆ ಬೋಳಾದ ಅಂಗಿ ತೊಟ್ಟ ಅರವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಕಾರಿಗೆ ಪ್ರದಕ್ಷಿಣೆ ಹಾಕುತ್ತಿರುವುದು ಕಂಡರೆ, ಪಾಪ, ಗಡಿಬಿಡಿಯಲ್ಲಿ ಎದ್ದು ಬಂದಿದ್ದಾರೆಂದು ಮರುಕಪಡಬೇಕಾಗಿಲ್ಲ. ಗಡಿಬಿಡಿ ಎಂಬುದು ಅವರ ಜಾತಕದಲ್ಲೇ ಇಲ್ಲ. ಕಾರಿನ ಮೇಲೆ ಬಾಗುವವನ ಎದೆಯಲ್ಲಿ ಗುಂಡಿಗಳಿದ್ದರೆ ಬಣ್ಣಕ್ಕೆ ಗೀರು ಬೀಳುತ್ತದೆ ಎಂಬುದು ಅವರ ಸರಳ ಸಿದ್ಧಾಂತ. ಹಾಗಾದರೆ ಗುಂಡಿಯಿಲ್ಲದ ಟೀ ಶರ್ಟು ಹಾಕಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅಂಗಿ ಅಂದ್ರ ಅಂಗಿನ ರೀ. ಟೀ ಶರ್ಟು ಹಾಕ್ಕಂಡು ನಾನೇನು ಕಾಲೇಜಿಗೆ ಹೋಗ್ಬೇಕಾ?" ಎಂದಿದ್ದರು. ಬೆನ್ನಿನ ಗುಂಡಿ ತಮ್ಮ ಕೈಗೆ ಎಟುಕದ್ದರಿಂದ ಬೆಳಿಗ್ಗೆ ಅದನ್ನು ಹಾಕುವ, ಸಂಜೆ ಬಿಚ್ಚುವ ಕೆಲಸ ಪತ್ನಿ ನೀಲಾಂಬಿಕ ಅವರ ಪಾಲಿಗೆ ಬಂದಿದೆ. ದಂಪತಿಗಳಿಗೆ ಜಗಳವಾದ ದಿನ ತೋಟಪ್ಪನವರ ಬೆನ್ನು ಬಟಾಬಯಲಾಗಿರುತ್ತದೆ. ಓಣಿಯವರೆಲ್ಲ ಅದನ್ನು ಓದಿಕೊಂಡು ಅಂದು ಅವರ ತಂಟೆಗೆ ಹೋಗುವುದಿಲ್ಲ.

ಉಂಗುರ, ಗಡಿಯಾರ, ಬೆಲ್ಟುಗಳಿಗೆ ಶೆಡ್ಡಿನಲ್ಲೊಂದು ಗೂಟವಿದೆ. ಅವೇನೋ ಸರಿ, ಆದರೆ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಗೂಟಕ್ಕೆ ಹಾಕಲಾದೀತೇ? ಮದುವೆಯಲ್ಲಿ ಮಾವನ ಮನೆಯವರು ಮಾಡಿಸಿಕೊಟ್ಟ ಭಾರವಾದ ಬೆಳ್ಳಿಯ ಕರಡಿಗೆ ಅದು. ಒಮ್ಮೆ ಅವರು ಬಾಗಿದಾಗ ಅದು ಜೋತುಬಿದ್ದು, ಸೊರಬದ ವಕೀಲರೊಬ್ಬರ ಹೊಸ ಕಾರಿನ ಬಾಗಿಲಿಗೆ ಕೂದಲೆಳೆಯಂಥ ಗೀರನ್ನೆಳೆಯಿತು. ವಕೀಲರ ಕಣ್ಣಿಗೆ ಅದು ಬಿದ್ದಿರಲೂ ಇಲ್ಲ. ತೋಟಪ್ಪನವರೇ ಕರೆದು ತೋರಿಸಿದರು, ತಿಕ್ಕಿ ತೆಗೆದರು, ಅಂದಿನಿಂದ ಬೆಳ್ಳಿಯನ್ನು ದೇವರ ಗೂಡಿನಲ್ಲಿಟ್ಟು ಲಿಂಗವನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಶಿವದಾರದಲ್ಲಿ ಕಟ್ಟಿಕೊಂಡರು. ಕೊಟ್ಟದ್ದು ಅಳಿಯಂದಿರಿಗೆ ಹಿಡಿಸಲಿಲ್ಲವೇನೋ ಎಂದು ತೊಗರ್ಸಿಯ ಮಾವನ ಮನೆಯವರು ಮುಖ ಸಣ್ಣದು ಮಾಡಿಕೊಂಡಾಗ, ನೀಲಾಂಬಿಕ ಅವರು ತಮ್ಮ ತಾಯಿಗೆ ಹೇಳಿದ ಸಮಾಧಾನ ಇಷ್ಟೇ: "ಅವ್ರಿಗೆ ಹಿಡಿಸೈತವ್ವಾ. ಕಾರಿಗೆ ಹಿಡಿಸ್ಲಿಲ್ಲ."

ಅವರ ಕೆಲಸವನ್ನು ನೋಡುವುದಕ್ಕೂ ತಾಳ್ಮೆ ಬೇಕು. ತೊಳೆದು ಒರೆಸಿದ ಕಾರನ್ನು ನೆರಳಿಗೆ ತಂದು, ಪಾಲಿಶ್ ಮಷೀನಿನ ಸ್ಪಂಜಿಗೆ ಒಂದಿಷ್ಟೇ ವ್ಯಾಕ್ಸ್ ಸವರಿ, ಅದನ್ನು ಬಾನೆಟ್ಟಿಗೆ ತಾಗಿಸಿದ ಮೇಲೆಯೇ ಸ್ವಿಚ್ಚು ಒತ್ತುತ್ತಾರೆ. ಗಾಳಿಯಲ್ಲಿ ತಿರುಗಿಸಿದರೆ ವ್ಯಾಕ್ಸೆಲ್ಲ ಸಿಡಿದು ಮೈಮೇಲೆ. ಆಮೇಲೆ ಉಳುವವರಂತೆ ಈ ಬದಿಯಿಂದ ಆ ಬದಿಗೆ, ಒಂದು ಸಾಲಿನ ಅಂಚಿಗೆ ಇನ್ನೊಂದು ಸಾಲು ಒತ್ತಿಕೊಂಡು ಬರುವ ಹಾಗೆ, ನಿಧಾನವಾಗಿ ತೆಳುವಾದ ಲೇಪ. ಅದು ಮುಗಿದರೆ ಮಷೀನನ್ನು ಕೆಳಗಿಟ್ಟು ಸುಮ್ಮನೆ ಕೂರುತ್ತಾರೆ. ವ್ಯಾಕ್ಸ್ ಹದಕ್ಕೆ ಆರಬೇಕು. ಆರುವ ಮೊದಲೇ ಒರೆಸಿದರೆ ಜಿಡ್ಡು ಮೆತ್ತುತ್ತದೆ, ಅತಿಯಾಗಿ ಆರಿದರೆ ಕಚ್ಚಿಕೊಂಡು ಬಿಡಲೊಲ್ಲದು. ಆ ಹದವನ್ನು ತಿಳಿಯಲು ಅವರು ಕಣ್ಣು ಮುಚ್ಚಿ, ಒಂದು ಮೂಲೆಯಲ್ಲಿ ನಡುಬೆರಳನ್ನು ಮೆಲ್ಲಗೆ ಎಳೆಯುತ್ತಾರೆ. ಬೆರಳು ಜಾರಿದರೆ ಹದ ಬಂತು, ಅಂಟಿದರೆ ಇನ್ನೂ ಇದೆ. ಕಪ್ಪು ಕಾರಾದರೆ ಕಣ್ಣಿಗೂ ಕಾಣುತ್ತದೆ. ಬಿಳಿಯದಕ್ಕೆ ಬೆರಳೇ ಗತಿ. ಹದ ಬಂದಮೇಲೆ ಅದೇ ಮಷೀನಿಗೆ ಮೆತ್ತನೆಯ ಬಟ್ಟೆಯ ಟೊಪ್ಪಿಗೆ ತೊಡಿಸಿ ವ್ಯಾಕ್ಸನ್ನು ತೆಗೆಯತೊಡಗಿದರೆ, ನನ್ನ ಮುದಿ ಕಾರು ಕೂಡ ನಾಚಿಕೊಂಡ ಮದುಮಗಳಾಗುತ್ತಿತ್ತು. "ಆಯ್ತೇನ್ರೀ?" ಎಂದು ನಾನು ನಡುನಡುವೆ ಅವಸರಪಡಿಸಿದರೆ, "ತಾಳಿದವ ಬಾಳ್ಯಾನು ಅನ್ನೋದು ಮನುಷ್ಯರಿಗಷ್ಟೇ ಅಲ್ರೀ, ವ್ಯಾಕ್ಸಿಗೂ ಐತಿ," ಎನ್ನುತ್ತಿದ್ದರು.

ಇಂಥ ತೋಟಪ್ಪನವರಿಂದ ಹೋದ ವರ್ಷ ಒಂದು ತಪ್ಪಾಯಿತು. ಆನವಟ್ಟಿಯ ಕಿರಾಣಿ ವ್ಯಾಪಾರಿ ಸದಾಶಿವಪ್ಪನವರು, ಇವರನ್ನು ಬಿಟ್ಟು ಬೇರೆಯವರಿಗೆ ಕಾರು ಮುಟ್ಟಗೊಡದ ಹಳೆಯ ಗಿರಾಕಿ, ತಮ್ಮ ಬಿಳಿಯ ಕಾರಿಗೆ ಪಾಲಿಶ್ ಮಾಡಿಸಿಕೊಂಡು ಮಗನಿಗೆ ಹೆಣ್ಣು ನೋಡಲು ಹೋಗಿದ್ದರು. ಮಾರನೆಯ ದಿನ ಮರಳಿ ಬಂದು ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, "ತೋಟಪ್ಪಾ, ನಮ್ಮ ಕಾರಿಗೆ ಸಿಡುಬು ಎದ್ದೈತಿ ನೋಡಪಾ," ಎಂದು ನಕ್ಕರು. ಹದ ಬರುವ ಮೊದಲೇ ಒರೆಸಿದ ಕಡೆಯಲ್ಲೆಲ್ಲ ಜಿಡ್ಡು ಉಳಿದು, ದಾರಿಯ ಕೆಂಧೂಳು ಅದಕ್ಕೆ ಮೆತ್ತಿ, ಬಾನೆಟ್ಟಿನ ತುಂಬ ಬೊಟ್ಟುಬೊಟ್ಟು. ಹೆಣ್ಣು ಒಪ್ಪಿಗೆಯಾಗಿತ್ತು, ಸದಾಶಿವಪ್ಪನವರಿಗೆ ಸಿಟ್ಟೇನೂ ಇರಲಿಲ್ಲ. ಆದರೆ ತೋಟಪ್ಪನವರು ನಗಲಿಲ್ಲ. ಮತ್ತೆ ತೊಳೆದು, ಮತ್ತೆ ಲೇಪಿಸಿ, ಬೆರಳೆಳೆಯುವ ಹೊತ್ತಿಗೆ ಕಣ್ಣು ಮುಚ್ಚುವ ಬದಲು ಅಗಲಿಸಿ ಅಗಲಿಸಿ ನೋಡಿದರು. ನಾನು ಅಲ್ಲೇ ಕೂತಿದ್ದೆ, ಅವರಿಗೆ ವಯಸ್ಸಾಯಿತು, ಕನ್ನಡಕ ಬೇಕಾಗಿದೆ ಎಂದುಕೊಂಡೆ.

ಕೆಟ್ಟದ್ದು ಕಣ್ಣಲ್ಲ. ಅದನ್ನು ಕಂಡುಹಿಡಿದವರು ನೀಲಾಂಬಿಕ ಅವರು, ನನಗೆ ಹೇಳಿದವರೂ ಅವರೇ. ಬೆಳಿಗ್ಗೆ ಇಬ್ಬರೂ ಎದುರುಬದುರು ಕುಳಿತು ಲಿಂಗಪೂಜೆ ಮಾಡುವುದು ಆ ಮನೆಯ ಪದ್ಧತಿ. ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟು, ನೀರೆರೆದು, ವಿಭೂತಿ ಧರಿಸಿ, ಮನಸ್ಸನ್ನು ಅದರಲ್ಲೇ ನೆಟ್ಟು ಕೂರುವ ಆ ಹೊತ್ತಿನಲ್ಲಿ ಗಂಡ ಮುಚ್ಚಿದ ಕಣ್ಣನ್ನು ಮತ್ತೆ ಮತ್ತೆ ತೆರೆದು ಕೈಯನ್ನು ನೋಡಿಕೊಳ್ಳುತ್ತಿದ್ದುದು ಅವರಿಗೆ ಕಂಡಿತು. ಪೂಜೆಯ ನಡುವೆ ಮಾತಾಡಬಾರದು. ಅಂದು ಆಡಿದರು.

"ಯಾಕ್ರೀ?"

"ನೀಲಾ, ಕೈಯಾಗ ಲಿಂಗ ಐತೋ ಇಲ್ಲೋ ಗೊತ್ತಾಗವಲ್ದು ನನಗ," ಎಂದರಂತೆ ತೋಟಪ್ಪನವರು. ಎಂದವರು ಅತ್ತರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಅತ್ತದ್ದನ್ನು ನೀಲಾಂಬಿಕ ಅವರು ನೋಡಿದ್ದು ಅದೇ ಮೊದಲು.

ಶಿವಮೊಗ್ಗದ ವೈದ್ಯರು ಹೇಳಿದ್ದು ಕಠಿಣವೂ ಅಲ್ಲ, ಸುಲಭವೂ ಅಲ್ಲ. ವರ್ಷಾನುಗಟ್ಟಲೆ ಮಷೀನಿನ ಅದುರಾಟವನ್ನು ಹಿಡಿದಿಟ್ಟುಕೊಂಡ ಕೈಗಳ ನರಗಳು ಮಂಕಾಗಿವೆ. ಇನ್ನು ಮಷೀನು ಮುಟ್ಟದಿದ್ದರೆ ಸ್ಪರ್ಶ ಅಷ್ಟಿಷ್ಟು ಮರಳಬಹುದು, ಮುಟ್ಟಿದರೆ ಉಳಿದದ್ದೂ ಹೋಗುತ್ತದೆ. ನಡುನಡುವೆ ಕೈಗೆ ವಿಶ್ರಾಂತಿ ಕೊಡುತ್ತಿದ್ದಿರಾ ಎಂದು ಅವರು ಕೇಳಿದಾಗ ತೋಟಪ್ಪನವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ. ವಿಶ್ರಾಂತಿ ಬೇಕಾದದ್ದು ವ್ಯಾಕ್ಸಿಗೆ, ಅದಕ್ಕೆ ಕೊಟ್ಟಿದ್ದರು.

ಆಮೇಲಿನ ದಿನಗಳಲ್ಲಿ ಮಷೀನಿನ ಮೇಲೆ ಟವೆಲ್ಲು ಹೊದಿಸಿ, ಬಂದವರಿಗೆಲ್ಲ "ಮಷೀನು ರಿಪೇರಿಗೆ ಬಂದೈತಿ" ಎಂದು ಹೇಳಿ ಕಳಿಸುತ್ತಿದ್ದರು. ಊಟ ಸೇರದು. ಕೆಲಸ ಹೋಯಿತೆಂಬುದಕ್ಕಿಂತ, ಮುಟ್ಟಿ ತಿಳಿಯುತ್ತಿದ್ದ ಲೋಕವೇ ತಮ್ಮಿಂದ ದೂರ ಸರಿಯಿತೆಂಬ ದುಃಖ ಅದು. ಬೆಳಗಿನ ಪೂಜೆಯಲ್ಲಿ ಮಾತ್ರ ಒಂದು ಹೊಸ ಪದ್ಧತಿ ಬಂದಿತ್ತು. ನೀಲಾಂಬಿಕ ಅವರು ತಮ್ಮ ಪೂಜೆಯನ್ನು ಮುಗಿಸಿ ಬಂದು, ಗಂಡನ ಅಂಗೈಯ ಅಡಿಯಲ್ಲಿ ತಮ್ಮ ಅಂಗೈಯನ್ನಿಟ್ಟು ಕೂರುತ್ತಿದ್ದರು. ಶಾಸ್ತ್ರ ಏನು ಹೇಳುತ್ತದೋ ನನಗೆ ತಿಳಿಯದು. ಅವರ ಮನೆಗೆ ಬಂದ ಸ್ವಾಮಿಗಳೊಬ್ಬರು ಅದನ್ನು ಕಂಡೂ ಏನೂ ಅನ್ನಲಿಲ್ಲವಂತೆ.

ಸದಾಶಿವಪ್ಪನವರ ಮನೆಯ ಮದುವೆ ಹತ್ತಿರ ಬಂದು, ಅದೇ ಬಿಳಿಯ ಕಾರು ಮತ್ತೆ ಶೆಡ್ಡಿನ ಮುಂದೆ ನಿಂತಿತು. "ರಿಪೇರಿ ಗಿಪೇರಿ ಎಲ್ಲಾ ನನಗ ಬ್ಯಾಡ. ನೀನ ಮಾಡ್ಬೇಕು," ಎಂದು ಬೀಗದಕೈ ಇಟ್ಟು ಹೋದರು. ತೋಟಪ್ಪನವರು ಬೀಗದಕೈಯನ್ನು ನೋಡುತ್ತ ಕೂತರು. ನೀಲಾಂಬಿಕ ಅವರು ಸೆರಗು ಸಿಕ್ಕಿಸಿಕೊಂಡು ಟವೆಲ್ಲು ತೆಗೆದರು.

"ನಿನಗೇನು ತಿಳಿತೈತಿ ಹದ?"

"ಹುಟ್ಟಿದಾಗಿಂದ ಬಿಸಿಲಾಗ ಸಂಡಿಗೆ ಒಣಗಿಸೀನಿ. ಇದು ತಿಳಿಯಲ್ಲೇನು? ಹೇಳ್ರಿ, ಸ್ವಿಚ್ಚು ಎಲ್ಲೈತಿ."

ತೊಡಕಾದದ್ದು ಬಳೆಗಳದು. ಮುತ್ತೈದೆಯ ಕೈಯ ಬಳೆ ಬಿಚ್ಚಿಸುವಂತಿಲ್ಲ, ಹಾಗೆಂದು ಗಾಜನ್ನು ಕಾರಿಗೆ ತಾಗಿಸುವಂತೆಯೂ ಇಲ್ಲ. ತೋಟಪ್ಪನವರು ಹಳೆಯ ಪಂಚೆಯನ್ನು ಹರಿದು ಪಟ್ಟಿ ಮಾಡಿ, ಎರಡೂ ಮುಂಗೈಗೆ ಬಳೆಗಳ ಮೇಲೆಯೇ ಸುತ್ತಿ, ಬೆರಳಿಗೆ ಪಟ್ಟಿಯ ತುದಿ ಸಿಗದೆ ಹಲ್ಲಿನಿಂದ ಗಂಟು ಬಿಗಿದರು. ಮದುವೆಯ ಕಾರು ಹೊಳೆಯಿತು. ಮೊದಲ ದಿನ ಒಂದೆರಡು ಕಡೆ ಮಷೀನು ಕುಣಿಯಿತೆಂಬುದನ್ನು ನಾನು ಯಾರಿಗೂ ಹೇಳಿಲ್ಲ.

ಈಗ ಆ ಶೆಡ್ಡಿನಲ್ಲಿ ಕೆಲಸ ಮೊದಲಿಗಿಂತಲೂ ನಿಧಾನ. ಒಂದು ಬಾಗಿಲು ಮುಗಿಯುವುದೇ ತಡ, ತೋಟಪ್ಪನವರು ಸ್ವಿಚ್ಚು ಆರಿಸಿ, ಮಷೀನನ್ನು ಹೆಂಡತಿಯ ಕೈಯಿಂದ ಇಸಿದುಕೊಂಡು ಕೆಳಗಿಡುತ್ತಾರೆ. ಅವರ ಬೆರಳುಗಳನ್ನು ಒಂದೊಂದಾಗಿ ಹಿಡಿದು ಒತ್ತುತ್ತಾರೆ. ತಾವು ಒತ್ತುತ್ತಿರುವುದು ತಮಗೇ ಸರಿಯಾಗಿ ತಿಳಿಯದಾದ್ದರಿಂದ ಬಾಯಿಂದಲೇ ಕೇಳಿ ತಿಳಿಯಬೇಕು.

"ಗೊತ್ತಾಗ್ತೈತಾ?"

"ಗೊತ್ತಾಗ್ತೈತ್ರೀ."

"ಇದು?"

"ಅದೂ ಗೊತ್ತಾಗ್ತೈತಿ. ಬಿಡ್ರಿ, ಗಿರಾಕಿ ನೋಡಾಕತ್ಯಾರ."

"ನೋಡ್ಲಿ."

ಇಂಥವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಪರರ ವಸ್ತುವಿಗೆ ಕೂದಲೆಳೆಯಷ್ಟು ಗೀರು ಬಿದ್ದರೂ ನಿದ್ದೆಗೆಡುವವರು, ಮುಟ್ಟಿದ್ದಕ್ಕೆಲ್ಲ ಕಾಂತಿ ಕೊಟ್ಟು ತಾವು ಮಾತ್ರ ಸವೆಯುತ್ತ ಹೋಗುವವರು. ತಮ್ಮ ಕೈಗಾಗಿ ಅವರು ಒಂದು ಗಳಿಗೆಯೂ ಕೆಲಸ ನಿಲ್ಲಿಸಿದವರಲ್ಲ. ಕೈಯನ್ನು ಅವರು ತಮ್ಮದೆಂದು ಎಣಿಸಿರುವುದೇ ಇಲ್ಲ. ಅದೇ ಕೆಲಸವನ್ನು ತಮ್ಮ ಪ್ರೀತಿಯ ಜೀವವೊಂದು ಕೈಗೆತ್ತಿಕೊಂಡಾಗಲಷ್ಟೇ, ಕೈ ಎಂಬುದಕ್ಕೂ ನೋವಾಗುತ್ತದೆಂದು ಅವರಿಗೆ ಮೊದಲ ಬಾರಿಗೆ ತಿಳಿಯುತ್ತದೆ.