ಕಂದೂರಿ ಆದ ಮೇಲೆ

“ಎರಡು ವರ್ಷ ಎಲ್ಲಿ ಹೋಗಿದ್ದಿರಿ?” ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದಾಗ ಮಕ್ತುಮಸಾಬ ಪಕ್ಕದಲ್ಲಿ ಕೂತ ಹೆಂಡತಿ ಮಲಿಕಾಳ ಕಡೆ ನೋಡಲಿಲ್ಲ.

ಪರದೆಯ ಮೇಲೆ ಅವನ ಪ್ರಾಸ್ಟೇಟ್ ಗ್ರಂಥಿಯ ಎಂಆರ್‌ಐ ಚಿತ್ರವಿತ್ತು. ಎರಡು ವರ್ಷದ ಹಿಂದೆ ಸ್ಕ್ಯಾನ್ ಇಲ್ಲದೆ, ಅಂದಾಜಿನ ಮೇಲೆ ಸೂಜಿ ಹಾಕಿ ತೆಗೆದ ಚೂರುಗಳಲ್ಲಿ ಏನೂ ಸಿಕ್ಕಿರಲಿಲ್ಲ. ಆ ಸೂಜಿಗಳು ಮುಟ್ಟದ ಮುಂಭಾಗದಲ್ಲಿ ಒಂದು ಕಲೆ ಕೂತಿತ್ತು. ಈ ಸಲ ಎಂಆರ್‌ಐ ನೋಡಿಕೊಂಡು ಆ ಕಲೆಗೇ ಗುರಿಯಿಟ್ಟಿದ್ದರು. ಚಿತ್ರ ಜಾಗ ತೋರಿಸಿತು, ಅಲ್ಲಿಂದ ತೆಗೆದ ಚೂರು ಕ್ಯಾನ್ಸರ್ ಎಂದಿತು. ಈಗ ಅದು ಮೂಳೆಗೂ ಇಳಿದಿತ್ತು.

“ಆರು ತಿಂಗಳಿಗೆ ಬನ್ನಿ, ಸ್ಕ್ಯಾನ್ ಮಾಡೋಣ ಅಂದಿದ್ದೆನಲ್ಲ?”

ಅಂದದ್ದು ನಿಜ. ಆದರೆ ಮೊದಲ ರಿಪೋರ್ಟು ಚೊಕ್ಕ ಬಂದದ್ದೇ ತಡ, ಮಲಿಕಾ ಕಲಬುರ್ಗಿ ಕಡೆಯ ತನ್ನೂರ ದರ್ಗಾದಲ್ಲಿ ಹರಕೆಯ ಕುರಿ ಕೊಯ್ಯಿಸಿ, ಊರಿಗೆಲ್ಲ ಕಂದೂರಿ ಊಟ ಹಾಕಿಸಿದ್ದಳು. ಆಮೇಲೆ ಅವನು ಆಸ್ಪತ್ರೆಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತವಳೂ ಅವಳೇ. “ಕಂದೂರಿ ಮುಗಿಸಿ ಬಂದ ಮ್ಯಾಲ ಮತ್ತ ತೋರ್ಸಾಕ ಹೋದ್ರ, ಪೀರನ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಗ್ತದ.” ಅವನು ಚಪ್ಪಲಿ ಬಿಚ್ಚಿಟ್ಟು ಕೆಲಸಕ್ಕೆ ಕೂತಿದ್ದ.

“ನಂದೇ ತಪ್ಪು ಸಾಬ್,” ಎಂದ ಮಕ್ತುಮಸಾಬ. “ಇವಳು ದಿನಾ ಹೇಳುತ್ತಿದ್ದಳು. ನಾನೇ ಆಲಸಿ.”

ಮುಂಬಯಿಯ ಕುರ್ಲಾದಲ್ಲಿ ಗಾದಿ ಹೊಲಿಯುವ ಈ ಮನುಷ್ಯ, ಹಳೆ ಹತ್ತಿ ತುಂಬಿದರೆ ಗಿರಾಕಿ ಕೇಳುವ ಮೊದಲೇ ಬಾಯಿಬಿಡುವ ಪೆದ್ದ. ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಇದೇ ಮೊದಲು. ಹಿಂದೆ ನಿಂತಿದ್ದ ಮಗಳು ದಿಲನಾಜ ಅದನ್ನು ನಂಬಿಬಿಟ್ಟಳು. ಮದುವೆಯಾಗಿ ಸಾಂತಾಕ್ರೂಜ್ ಸೇರಿದವಳಿಗೆ ಮನೆಯೊಳಗಿನ ಮಾತು ಹೇಗೆ ಗೊತ್ತಾಗಬೇಕು?

“ಅಮ್ಮಿ ರೋಜ್ ಬೋಲ್ತೀ ಥೀ, ಅಬ್ಬಾ? ನಮ್ದು ಯಾರ್ದೂ ಖಯಾಲೇ ಇಲ್ಲ ನಿಮಗ?” ಎಂದಳು. ದಾದರ್ ಸ್ಟೇಷನ್ನಿಗೆ ಬಂದದ್ದೇ ಅಪ್ಪನಿಗೆ ಸಲಾಮ್ ಕೂಡ ಹೇಳದೆ ಬ್ರಿಜ್ ಹತ್ತಿ ಸಾಂತಾಕ್ರೂಜಿನ ಲೈನಿನ ಕಡೆ ಹೋಗಿಬಿಟ್ಟಳು.

ಪ್ಲಾಟ್‌ಫಾರ್ಮಿನಲ್ಲಿ ಮಲಿಕಾಳ ಅಳು ಕಟ್ಟೆಯೊಡೆಯಿತು. ಗಂಡನನ್ನು ತನ್ನ ಕೈಯಾರೆ ಕೊಂದೆನೆಂಬ ಸಂಕಟಕ್ಕೆ ಮಗಳ ಎದುರು ತುಟಿ ಬಿಚ್ಚದ ನಾಚಿಕೆಯೂ ಸೇರಿತ್ತು. “ಯಾಕ್ ಸುಳ್ಳ ಹೇಳಿದ್ರಿ? ಈಗೇ ಫೋನ್ ಹಚ್ಚಿ ಅಕಿಗಿ ಖರೇ ಹೇಳ್ತೀನಿ.”

“ಹೇಳಬ್ಯಾಡ,” ಎಂದ. “ಅಕಿ ಸಿಟ್ಟು ನನ್ನ ಮ್ಯಾಲಿದ್ರ ನನ್ನ ಜೋಡಿನೇ ಹೋಗ್ತದ. ನೀ ಅಕಿ ಜೋಡಿ ಇರಬೇಕಲ್ಲ.”

ಲೋಕಲ್ ರೈಲು ಬಂತು. ಅವನು ಅಭ್ಯಾಸದಂತೆ ಜನರಲ್ ಡಬ್ಬಿಯ ನೂಕುನುಗ್ಗಲಿನತ್ತ ಹೊರಟ. ಮಲಿಕಾ ಅವನ ತೋಳು ಹಿಡಿದೆಳೆದು, ಅಂಗವಿಕಲರಿಗೂ ಕ್ಯಾನ್ಸರ್ ರೋಗಿಗಳಿಗೂ ಮೀಸಲಾದ ಡಬ್ಬಿಗೆ ಹತ್ತಿಸಿದಳು. ಬಾಗಿಲ ಬಳಿ ಕೂತಿದ್ದ ಮುದುಕನೊಬ್ಬ ಇಬ್ಬರ ಮುಖವನ್ನೂ ನೋಡಿದ. ಏನೂ ಕೇಳದೆ ಸರಿದು ಜಾಗ ಕೊಟ್ಟ.