ಇಪೀಲಿಯ ಗಾಡಿಗೆ ಗಾಲಿ

ಅಡುಗೆಮನೆಯ ನೆಲಕ್ಕೆ ರಟ್ಟು ಹಾಸಿತ್ತು. ಹಸಿ ಮಾಂಸವಿಟ್ಟುಕೊಂಡು ಮನೆಮಂದಿಯೆಲ್ಲ ಸುತ್ತ ಕೂತು ಉಣ್ಣುವ ಜಾಗ ಅದು. ಈಗ ಅಲ್ಲಿ ಹಿಮದ ಮೇಲೆ ಓಡುವ ಇಪೀಲಿಯ ಸ್ನೋಮೊಬೈಲಿನ, ಗಾಲಿಗಳನ್ನು ಹೊತ್ತ ತಳದ ಚೌಕಟ್ಟು ಮಗುಚಿ ಬಿದ್ದಿತ್ತು. ಅವನ ಹೆಂಡತಿ ಕೂನೂ ಅದರ ಮುಂದೆ ಕಾಲು ನೀಡಿ ಕೂತು ಒಂದೊಂದೇ ಗಾಲಿಯನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದಳು. ಒಳ್ಳೆಯ ಗಾಲಿ ಸದ್ದಿಲ್ಲದೆ ಸುತ್ತುತ್ತದೆ. ಇವು ಮರಳು ಜಗಿದಂತೆ ಕರಕರ ಎಂದವು. ಕೆಲವುಗಳ ರಬ್ಬರು ಸುಟ್ಟ ಚರ್ಮದ ಹಾಗೆ ಕಿತ್ತು ಬಂದಿತ್ತು. ಒಂದಂತೂ ತಿರುಗಲೇ ಇಲ್ಲ.

ಆ ಒಂದರ ಮೇಲೆ ಅವಳ ಬೆರಳು ನಿಂತಿತು. ಏನಾದರೂ ಅನಿಸೀತೆಂದು ಕಾದಳು. ಏನೂ ಅನಿಸಲಿಲ್ಲ. ಇಕ್ಕಳ ಎತ್ತಿಕೊಂಡಳು.

"ಅವ್ವಾ," ಎಂದು ಕರೆಯುತ್ತ ಅತ್ತೆ ಕೌನಾಕ್ ಬಾಗಿಲಲ್ಲಿ ಬೂಟಿನ ಹಿಮ ಕೊಡವಿದಳು.

ಕೂನೂವಿಗೆ ಇಟ್ಟದ್ದು ಕೌನಾಕಳ ಸತ್ತ ತಾಯಿಯ ಹೆಸರು. ಹೆಸರಿನ ಬೆನ್ನಿಗೆ ಸತ್ತವರೂ ಬರುತ್ತಾರೆ. ಹಾಗಾಗಿ ಅತ್ತೆಗೆ ಸೊಸೆಯೇ ಅವ್ವ, ನಾದಿನಿಗೆ ಅಜ್ಜಿ, ಸೊಸೆಗೆ ಅತ್ತೆಯೇ ಮಗಳು. ಊರಲ್ಲಿ ಇದನ್ನು ಯಾರೂ ತಮಾಷೆ ಎಂದುಕೊಳ್ಳುವುದಿಲ್ಲ.

"ಬಾ ಮಗಳೇ."

"ಉಣ್ಣೋ ಜಾಗದಲ್ಲಿ ಎಂಥ ಪ್ರಾಣಿ ಕೊಯ್ತಿದ್ದೀಯ?"

"ಕಬ್ಬಿಣದ್ದು. ಬರೀ ಮೂಳೆ."

ಕೌನಾಕ್ ನಗಲಿಲ್ಲ. ಎದುರಿಗೆ ಕೂತು, ಕೇಳದೆಯೇ ಚೌಕಟ್ಟಿನ ಒಂದು ಬದಿ ಒತ್ತಿ ಹಿಡಿದಳು.

"ಲೀಟಿಯಾಳ ಕೂಸು ಇವತ್ತೂ ಮೊಲೆ ಹಿಡೀಲಿಲ್ಲ. ಹೀಗೇ ಆದ್ರೆ ಮುಂದಿನ ವಿಮಾನಕ್ಕೆ ದಕ್ಷಿಣದ ಆಸ್ಪತ್ರೆಗೆ ಕಳಿಸ್ತೀನಿ ಅಂತಾಳೆ ನರ್ಸಮ್ಮ. ಕಾಯಿಲೆ ಏನು ಅಂತ ಕೇಳಿದ್ರೆ ಅವಳಿಗೇ ಗೊತ್ತಿಲ್ಲ. ಹೆಸರು ಬೇಕು ಅಂತ ಅಳ್ತಿದೆ ಅದು. ಯಾರ ಹೆಸರು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

"ಬೇರೆ ಯಾವುದಾದ್ರೂ ಇಡಿ."

"ಇಟ್ಟು ನೋಡಿದ್ವಿ. ಉಗುಳ್ತು."

ಲೀಟಿಯಾ ಇಪೀಲಿಯ ತಂಗಿ. ಅವನು ಕಾಣೆಯಾದ ವಾರವೇ ಹೆತ್ತಳು. ಅವನ ಹೆಸರನ್ನು ಕೂಸಿಗೆ ಕೊಡುವ ಮಾತು ಮೊದಲು ಕೂನೂವಿನ ಬಾಯಿಂದ ಬರಬೇಕೆಂದು ಮನೆಯವರೆಲ್ಲ ಕಾದಿದ್ದರು. ಕೂನೂವಿನ ಬಾಯಿ ಬಿಗಿದಿತ್ತು. ಹೆಸರು ಕೊಟ್ಟ ಗಳಿಗೆಗೆ ಅವನು ಸತ್ತಂತೆ.

"ಸಿಕ್ಕಿಲ್ಲ ಅಂದ್ರೆ ಸತ್ತ ಅಂತ ಅಲ್ಲ," ಎಂದಳು ಕೂನೂ. "ಬದುಕಿರೋನ ಹೆಸರು ಕಿತ್ತು ಕೊಟ್ಬಿಟ್ರೆ ಅವನು ಯಾವುದನ್ನ ಹಿಡ್ಕೊಂಡು ಮನೆಗೆ ಬರ್ಬೇಕು? ಗಾಲಿ ಹಾಕ್ತೀನಿ. ಕೊಲ್ಲಿ ದಾಟಿ ನಾನೇ ಹುಡುಕ್ತೀನಿ."

ಕೌನಾಕ್ ಸುತ್ತಿಗೆ ಎತ್ತಿ ಕೊಟ್ಟಳು.

ಕೂನೂ ಉಕ್ಕಿನ ಬಳೆಯನ್ನು ಇಕ್ಕಳದಿಂದ ಬಿಡಿಸಿ, ಗಾಲಿಯ ನಡುವೆ ಕೊಳವೆ ಇಟ್ಟು ಹೊಡೆದಳು. ಬಿಗಿದ ಗಾಲಿ ತುಕ್ಕಿನ ನೀರು ಕಾರುತ್ತ ಕಳಚಿ ಬಂತು. ಹೊಸ ಗಾಲಿ ಬೇಕೆಂದರೆ ವಿಮಾನ ಬರಬೇಕು, ವಿಮಾನಕ್ಕೆ ಮನಸ್ಸು ಬರಬೇಕು. ದಡದಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೇ ಗಾಡಿಯನ್ನು ಕೊಡಲಿಯಿಂದ ಹಿಮ ಒಡೆದು ತೆಗೆದು, ಅದರ ಗಾಲಿಗಳನ್ನು ತಂದಿದ್ದಳು. ಒಲೆಯ ಪಕ್ಕ ಬೆಚ್ಚಗಾದ ಮೇಲೆ ಅವು ಸದ್ದಿಲ್ಲದೆ ಸುತ್ತಿದವು. ಅವನ್ನೇ ಚೌಕಟ್ಟಿಗೆ ಕೂರಿಸಿದಳು.

ಗಾಲಿ ಸುಮ್ಮನೆ ಸವೆಯುವುದಿಲ್ಲ. ಹಿಮ ತಾಗುತ್ತಿದ್ದರೆ ಅದು ತಂಪಾಗಿರುತ್ತದೆ. ಅಜ್ಜಂದಿರ ಕಾಲದಿಂದಲೂ ಬೇಟೆಯ ದಾರಿ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೇ ಇತ್ತು, ಸಾರಿಸಿದ ಅಂಗಳದ ಹಾಗೆ. ಆಮೇಲೆ ಗಣಿ ಬಂತು. ಅದಿರಿನ ಹಡಗು ಚಳಿಗಾಲದ ಮೊದಲಿಗೇ ಕೊಲ್ಲಿಯನ್ನು ಸೀಳಿಕೊಂಡು ಹೋಗುತ್ತದೆ. ಸೀಳಿದ ಗಾಯದ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ, ನೋಡಿದರೆ ಗಟ್ಟಿ ಮಂಜುಗಡ್ಡೆಯಂತೆಯೇ ಕಾಣುತ್ತದೆ, ಕಾಲಿಟ್ಟರೆ ಒಡೆಯುತ್ತದೆ. ಹಡಗಿಗೆ ಒಪ್ಪಿಗೆ ಕೊಡುವ ಮೊದಲು ನಡೆದ ಸಭೆಯಲ್ಲಿ ಇಪೀಲಿ ಇದನ್ನೇ ಹೇಳಿದ. ನಿಮಿಷ ಎಣಿಸಿ ಮೈಕು ಕೊಟ್ಟವರು ನಿಮಿಷ ಎಣಿಸಿಯೇ ಕಿತ್ತುಕೊಂಡರು. ಅಭಿಪ್ರಾಯ ಆಲಿಸಲಾಗಿದೆ ಎಂದರು. ಹಡಗು ಬಂತು. ಬೇಟೆಗಾರರು ದಡದ ಕಲ್ಲುಗಳ ಮೇಲೆ ಸುತ್ತಿ ಬಳಸಿ ಓಡಾಡಬೇಕಾಯಿತು. ಕಲ್ಲು ರಬ್ಬರನ್ನು ತಿಂದಿತು.

ಇಪೀಲಿ ಕಾಣೆಯಾದ ದಿನ ಆಚೆ ದಡದ ಕಲ್ಲಿನಲ್ಲಿ ಗಾಲಿ ಬಿಗಿದು ಅವನ ಗಾಡಿ ನಿಂತಿತು. ಎದುರಿಗೇ ಊರಿನ ದೀಪ. ಹೆಜ್ಜೆಗುರುತು ದಡದಿಂದ ಕೊಲ್ಲಿಗೆ ಇಳಿದಿತ್ತು, ಅಲ್ಲಿಂದ ಮುಂದೆ ಗಾಳಿ ಒರೆಸಿಬಿಟ್ಟಿತ್ತು. ಹುಡುಕಲು ಹೋದವರು ಗಾಡಿಯನ್ನಷ್ಟೇ ಎಳೆದು ತಂದರು. ಗಣಿಯ ಕಡೆಯವನೊಬ್ಬ ರೇಡಿಯೋದಲ್ಲಿ ಸಂತಾಪ ಹೇಳಿದ: ಗಾಡಿಯ ಸ್ಥಿತಿ ಸರಿಯಿರಲಿಲ್ಲ, ಅದಕ್ಕೇ ಅವರು ನಡೆದು ಹೋದರು. ಒಂದೇ ಒಂದು ಸುಳ್ಳು ಮಾತಿಲ್ಲದ ಸುಳ್ಳು! ಊರು ಕೇಳಿ ಬೆಂಕಿಯಾಯಿತು. ಕೂನೂ ಮಾತ್ರ ರೇಡಿಯೋ ಆರಿಸಿ ಪಾತ್ರೆ ತೊಳೆದಿದ್ದಳು.

ಸೂರ್ಯನೇ ಹುಟ್ಟದ ಚಳಿಗಾಲದ ಮಧ್ಯಾಹ್ನದ ಕತ್ತಲಲ್ಲಿ ಇಬ್ಬರೂ ಚೌಕಟ್ಟನ್ನು ಹೊರಗೆ ಗಾಡಿಯ ಬಳಿ ಒಯ್ದರು. ಕೌನಾಕ್ ಗಾಡಿಯಡಿಯ ರಬ್ಬರಿನ ಪಟ್ಟಿ ಎತ್ತಿ ಹಿಡಿದಳು, ಕೂನೂ ಚೌಕಟ್ಟನ್ನು ಒಳಗೆ ತುರುಕಿ ಬೋಲ್ಟ್ ಕೂರಿಸಿದಳು. ಕೈಗವಸು ತೆಗೆದಿದ್ದ ಬೆರಳುಗಳು ಮೊದಲು ಉರಿದವು, ಆಮೇಲೆ ಸತ್ತವು. ಅದೇ ಹಿತವೆನಿಸಿತು.

ಆಗ ಕಾಲಡಿಯ ನೆಲ ಸಣ್ಣಗೆ ಗುಡುಗಿತು.

ಕೊಲ್ಲಿಯಲ್ಲಿ ಹಡಗು. ಬೀದಿಯೊಂದೇ ಎದ್ದು ಹೊರಟಂತೆ ಸಾಲುದೀಪ ಉರಿಸಿಕೊಂಡು, ಹಳೆಯ ಸೀಳಿನ ಮೇಲೇ ಬರುತ್ತಿತ್ತು. ಪೊರೆ ಕಟ್ಟಿದ್ದೆಲ್ಲ ಮತ್ತೆ ಒಡೆದು, ಹೋಳುಗಳು ಒಂದರ ಮೇಲೊಂದು ಬಿದ್ದು ಅರೆದುಕೊಳ್ಳುವ ಸದ್ದು ಮನೆಗಳವರೆಗೂ ಕೇಳಿಸಿತು. ಅವನು ನಡೆದ ದಾರಿ, ಅವನು ಬಿದ್ದಿರಬಹುದಾದ ಜಾಗ, ಎಲ್ಲವನ್ನೂ ಉತ್ತು ಹಾಕುತ್ತ ಅದು ಅವಸರವಿಲ್ಲದೆ ಸಾಗಿತು. ಗೋರಿಯ ಮೇಲೆ ನೇಗಿಲು ಹೊಡೆದರೆ ಪಾಪ ಎನ್ನುವ ಜನ ಇದಕ್ಕೆ ಸಾಗಣೆ ಎನ್ನುತ್ತಾರೆ.

ಕೌನಾಕ್ ಹಡಗಿನ ಕಡೆ ಬೆನ್ನು ಮಾಡಿ ನಿಂತಳು. "ಎಲ್ಲಿ ಹುಡುಕ್ತೀಯ ಅವ್ವಾ?" ಎಂದಳು. ಗದರಿಕೆಯೇನಲ್ಲ. ಗೊತ್ತಿದ್ದರೆ ಹೇಳು, ನಾನೂ ಬರುತ್ತೇನೆ ಎನ್ನುವ ಹಾಗಿತ್ತು.

ಕೂನೂ ಕೊನೆಯ ಬೋಲ್ಟನ್ನು ಬಿಗಿಮಾಡಿದಳು. ಹಡಗು ದಾಟುವವರೆಗೂ ನೋಡಿದಳು. ಹುಡುಕಲು ಜಾಗವೇ ಉಳಿದಿರಲಿಲ್ಲ. ಎದೆಯಲ್ಲಿ ಏನೂ ಒಡೆಯಲಿಲ್ಲ, ಲೆಕ್ಕವೊಂದು ತೀರಿದಂತೆ ಅಷ್ಟೇ.

"ಹಿಂದೆ ಕೂರು ಮಗಳೇ. ಲೀಟಿಯಾ ಮನೆಗೆ ಹೋಗೋಣ."

ಕೂಸು ಅಳುತ್ತಲೇ ಇತ್ತು. ಹೆಣ್ಣು ಕೂಸು. ಮುಖ ಮುದುಡಿದ ಕೈಗವಸಿನಂತಾಗಿತ್ತು. ಲೀಟಿಯಾ ನಿದ್ದೆಗೆಟ್ಟ ಕಣ್ಣೆತ್ತಿದಳು.

"ಬಂದ್ಯಾ ಅಜ್ಜಿ?"

ಕೂನೂ ಬಗ್ಗಿ, ಗ್ರೀಸ್ ಮೆತ್ತಿದ ಬೆರಳಿನಿಂದ ಕೂಸಿನ ಕೈ ಹಿಡಿದು ಕುಲುಕಿದಳು. ಹೊಸಬರನ್ನು ಊರಿಗೆ ಬರಮಾಡಿಕೊಳ್ಳುವುದು ಹಾಗೆಯೇ.

"ಇಪೀಲಿ," ಎಂದಳು ಅದರ ಕಿವಿಯಲ್ಲಿ.

ಅಳು ನಿಲ್ಲಲಿಲ್ಲ. ಕೌನಾಕ್ ಮಾತ್ರ ಅಷ್ಟೂ ದಿನ ಕಟ್ಟಿಟ್ಟದ್ದನ್ನು ಒಮ್ಮೆಗೇ ಸುರಿದಳು: "ಬಂದ್ಯೇನೋ ಮಗನೇ! ನಡ್ಕೊಂಡು ಬಾ ಅಂದೋರ್ಯಾರು ನಿಂಗೆ? ಗಾಡಿ ಪಕ್ಕ ಕೂತಿರೋಕೆ ಏನಾಗಿತ್ತು? ಅವ್ವನ ಮಾತು ಒಂದಿನವಾದ್ರೂ ಕೇಳಿದ್ದೀಯಾ?" ಬೈಯುತ್ತ ಬೈಯುತ್ತ ಅತ್ತಳು. ಲೀಟಿಯಾಳೂ ಅತ್ತಳು. ಕೂಸು ಇಬ್ಬರ ಗಲಾಟೆಗೆ ಬೆಚ್ಚಿಯೋ ಏನೋ ಬಾಯಿ ಮುಚ್ಚಿತು.

"ಸಾಕ್ರೀ ಅತ್ತಿದ್ದು," ಎಂದಳು ಕೂನೂ ಆ ಹೆಣ್ಣು ಕೂಸಿಗೆ. "ಹಾಲು ಕುಡೀರಿ."

ಲೀಟಿಯಾ ಎದೆಗೆ ಹಿಡಿದಳು. ಕೂಸು ಮುಖ ತಿರುಗಿಸಿತು, ಮತ್ತೆ ತಡಕಿತು, ಕಚ್ಚಿಕೊಂಡಿತು. ಗುಟುಕಿನ ಸದ್ದು ಕೋಣೆಯಲ್ಲಿ ಕೇಳಿಸಿತು. ಕೂನೂ ಅದನ್ನು ಕೇಳುತ್ತ ನಿಂತಳು. ಅಳು ಅವಳಿಗೆ ಬರಲಿಲ್ಲ. ಬೆರಳಿಗೆ ಮಾತ್ರ ಜೀವ ಬಂದು ಚುಚ್ಚತೊಡಗಿತು.

ಅವಳು ಬಾಗಿಲಿಗೆ ಹೊರಟಾಗ ಲೀಟಿಯಾ ಗಾಬರಿಯಾದಳು. "ಎಲ್ಲಿಗೆ ಅಜ್ಜಿ? ಕೊಲ್ಲಿಗಾ?"

"ಬೆಟ್ಟದ ಕಡೆ. ಜಿಂಕೆ ಸಿಗುತ್ತಾ ನೋಡ್ತೀನಿ. ನಮ್ಮನೆಯವರಿಗೆ ಇನ್ನೂ ಹಲ್ಲು ಬಂದಿಲ್ಲ. ಅವರು ಬೇಟೆಗೆ ಹೋಗೋವರೆಗೆ ಮನೆಮಂದಿ ಏನು ತಿನ್ಬೇಕು?"